ಹೊಂದಿಸಿ ಬರೆಯಿರಿ

ಊರ್ಮಸ್,
ನಿನ್ನ ಪತ್ರ ಸಿಕ್ಕಿತು.
ತಾರ್ತುವಿನ ಮೂರನೇ ಮಹಡಿಯಲ್ಲಿ ಕೂತು ಕೇಳಿದ್ದೀಯ:
ಕಾದಂಬರಿ ಬರೆಯುವವರಿಗೆ ನಮ್ಮ ತಂತ್ರಾಂಶದಲ್ಲಿ ಇನ್ನೇನು ಬೇಕು?
ಇಲ್ಲಿ ಹಿಯುಮಾ ದ್ವೀಪದಲ್ಲಿ ಫೆಬ್ರವರಿ.
ಬಹಳ ವರ್ಷಕ್ಕೆ ಕಡಲು ಗಟ್ಟಿಯಾಗಿ ಹೆಪ್ಪುಗಟ್ಟಿದೆ,
ಮಂಜುಗಡ್ಡೆಯ ಮೇಲೆ ರಸ್ತೆ ತೆರೆದಿದ್ದಾರೆ.
ಪುರುಸೊತ್ತಿದೆ. ಹೇಳುತ್ತೇನೆ, ಬರೆದುಕೋ.

ಮೊದಲು ಬಣ್ಣದ ವಿಷಯ.
ನೀನು ಕೊಟ್ಟದ್ದು ಎಂಟೇ ಎಂಟು ಬಣ್ಣದ ಚೀಟಿ.
ಲೈನೆಗೆ ಹಸಿರು ಅಂಟಿಸಿದೆ, ಎಂಡೆಲ್‌ಗೆ ನೀಲಿ.
ಆರನೇ ಅಧ್ಯಾಯದಲ್ಲಿ ಎಂಡೆಲ್ ಸುಳ್ಳು ಹೇಳಿದ,
ಅದೂ ಊಟದ ಮೇಜಿನಲ್ಲಿ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ.
ಈಗಲೂ ಅವನು ಅದೇ ನೀಲಿಯೇ?
ನನ್ನ ಅಮ್ಮ ಉಣ್ಣೆಗೆ ಬಣ್ಣ ಕಟ್ಟುತ್ತಿದ್ದಳು.
ಬರ್ಚ್ ಎಲೆಯ ಹಳದಿ, ಈರುಳ್ಳಿ ಸಿಪ್ಪೆಯ ಕಂದು,
ಮೂರು ಸಲ ಒಗೆದ ಮೇಲಷ್ಟೇ
ತಾನೇನೆಂದು ಒಪ್ಪಿಕೊಳ್ಳುವ ಒಂದು ಕೆಂಪು.
ಒಗೆದಂತೆ ಬಿಡುವ ಬಣ್ಣ ಕೊಡು, ಸಾಧ್ಯವಾದರೆ.

ಆಮೇಲೆ ಈ ಎಳೆದು ಬಿಡುವುದು.
ಒಂದು ದೃಶ್ಯವನ್ನು ಹನ್ನೊಂದರಿಂದ ಎತ್ತಿ ಮೂರರಲ್ಲಿಟ್ಟೆ.
ಎಷ್ಟು ಹಗುರ, ಬೆಕ್ಕಿನ ಮರಿ ಎತ್ತಿಟ್ಟ ಹಾಗೆ!
ಮೂರರಲ್ಲಿ ಹುಲ್ಲಿನ ಕೊಯ್ಲು ನಡೆದಿತ್ತು,
ಕೊಯ್ದ ಹುಲ್ಲಿನ ಮೇಲೆ ಹಿಮ ಸುರಿಯಿತು.
ಲೈನೆ ಇನ್ನೂ ಹುಟ್ಟದ ಮಗಳಿಗೆ ಜಡೆ ಹೆಣೆದಳು.
ನಿನ್ನ ಯಂತ್ರ ಕಮಕ್ ಕಿಮಕ್ ಅನ್ನಲಿಲ್ಲ.
ಅನ್ನಬೇಕಿತ್ತು, ಮಾರಾಯ.
ಗಂಟೆ ಬೇಡ, ಕೆಂಪು ದೀಪ ಬೇಡ,
ಬೇಲಿಯಾಚೆಯ ಮುದುಕಿ ಕೆಮ್ಮುವ ಹಾಗೆ
ಒಂದು ಕೆಮ್ಮು ಸಾಕು.

ಹಿಂದೆ ನಾನು ದೃಶ್ಯಗಳನ್ನು ರಟ್ಟಿನ ಚೀಟಿಯಲ್ಲಿ ಬರೆದು
ಒಲೆಯ ಮೇಲಿನ ಹಗ್ಗಕ್ಕೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸುತ್ತಿದ್ದೆ.
ಒಂದು ಬಿದ್ದು ಸುಟ್ಟುಹೋಯಿತು.
ಆಮೇಲಿನ ಐದು ಪುಸ್ತಕದಲ್ಲೂ
ಆ ಚೀಟಿಯನ್ನೇ ಮತ್ತೆ ಮತ್ತೆ ಬರೆಯುತ್ತಿದ್ದೇನೆ.
ನಿನ್ನ ಬಳಿ ಎಲ್ಲಕ್ಕೂ ನಕಲು ಪ್ರತಿ ಇದೆ. ಒಳ್ಳೆಯದು.
ಸ್ವಲ್ಪ ಕಷ್ಟವೂ ಹೌದು.

ಎರಡು ಪಟ್ಟಿ ಅಕ್ಕಪಕ್ಕ ಬೇಕು:
ನಡೆದ ಕ್ರಮ ಒಂದು, ಹೇಳುವ ಕ್ರಮ ಇನ್ನೊಂದು,
ನಡುವೆ ನಾನೇ ಗೆರೆ ಎಳೆಯುತ್ತೇನೆ.
ಶಾಲೆಯಲ್ಲಿ ಹೊಂದಿಸಿ ಬರೆಯಿರಿ ಇರುತ್ತಿತ್ತಲ್ಲ,
ಬಲಗಡೆಯ ಪಟ್ಟಿಯಲ್ಲಿ ಬೇಕೆಂದೇ ಒಂದು ಹೆಚ್ಚು ಇಡುತ್ತಿದ್ದರು.
ಬೇರೆ ಮಕ್ಕಳು ಗೆರೆ ಮುಗಿಸಿ ಓಡಿದರು.
ನಾನು ಆ ಜೋಡಿಯಿಲ್ಲದ್ದನ್ನು ನೋಡುತ್ತ ಕೂತೆ.
ಇನ್ನೂ ಕೂತೇ ಇದ್ದೇನೆ.

ಹನ್ನೆರಡು ವರ್ಷದಿಂದ ಒಂದು ದೃಶ್ಯವಿದೆ ನನ್ನಲ್ಲಿ.
ಹೆಪ್ಪುಗಟ್ಟಿದ ಕಡಲ ಮೇಲೆ ಕಂದೀಲು ಹಿಡಿದು
ಒಬ್ಬ ನಡೆಯುತ್ತಾನೆ.
ಹೆಸರಿಲ್ಲ. ಹಿಂದಿಲ್ಲ, ಮುಂದಿಲ್ಲ.
ಬೂಟು ಮಾತ್ರ ನನ್ನ ಅಪ್ಪನದು.
ಯಾವ ಕಡತಕ್ಕೆ ಹಾಕಿದರೂ ಅಲ್ಲಿ ನಿಲ್ಲುವುದಿಲ್ಲ.
ತಂತ್ರಾಂಶ ತೆರೆದಾಗಲೆಲ್ಲ ಮೂಲೆಯಲ್ಲಿ ಕೆಂಪಾಗಿ:
ಒಂದು ದೃಶ್ಯ ಯಾವ ಅಧ್ಯಾಯಕ್ಕೂ ಸೇರಿಲ್ಲ.
ಗೊತ್ತು ಕಣೋ.
ಆ ಒಂದನ್ನು ತೆಗೆ. ದೃಶ್ಯವನ್ನಲ್ಲ, ಎಣಿಕೆಯನ್ನು.
ಲೆಕ್ಕ ಕೇಳದ ಒಂದು ಕೋಣೆ ಕಟ್ಟಿಕೊಡು ಅವನಿಗೆ.

ನೀನು ಈ ರಸ್ತೆಯಲ್ಲಿ ಬಂದಿದ್ದೀಯೋ ಇಲ್ಲವೋ.
ಕಾರಿನಲ್ಲಿ ಬೆಲ್ಟ್ ಕಟ್ಟಬಾರದು ಇಲ್ಲಿ,
ಗಡ್ಡೆ ಬಿರಿದರೆ ಹಾರಿಕೊಳ್ಳಬೇಕು.
ದಾರಿಯ ಗುರುತಿಗೆ ಉದ್ದಕ್ಕೂ ಜುನಿಪರ್ ಕೊಂಬೆ ನೆಟ್ಟಿರುತ್ತಾರೆ.
ಹಾಗೆ ಕಟ್ಟು ನಿನ್ನ ಕಡತಗಳನ್ನು.
ಏಪ್ರಿಲ್ಲಿನಲ್ಲಿ ಕಡಲು ಬಿಟ್ಟುಕೊಂಡಾಗ
ಆ ಕೊಂಬೆಗಳು ತೇಲಿ ಹೋಗುವುದನ್ನು
ದಡದಲ್ಲಿ ನಿಂತು ನೋಡಿದ್ದೇನೆ,
ಸ್ವಲ್ಪ ದೂರದವರೆಗೆ
ಸಾಲು ತಪ್ಪಿಸಿಕೊಳ್ಳದೆ.

ಇನ್ನೊಂದು ಮರೆತಿದ್ದೆ.
ಆ ‘ಉಳಿಸು’ ಗುಂಡಿಯನ್ನು ದೊಡ್ಡದು ಮಾಡು.
ಬೆಳಿಗ್ಗೆ ಬೆರಳು ಮರಗಟ್ಟಿರುತ್ತದೆ,
ಪಕ್ಕದ ‘ಅಳಿಸು’ ಬಹಳ ಹತ್ತಿರವಿದೆ.