ಷರಾ

ಬೈತಖೋಲ ಬಂದರಿನ ಬೆನ್ನಿಗೆ
ಬಾಂದೇಕರರ ಐಸ್ ಫ್ಯಾಕ್ಟರಿ.
ಲೈಸೆನ್ಸ್ ನವೀಕರಣಕ್ಕೆ ವರದಿ ಬೇಕು, ಸೋಮವಾರದೊಳಗೆ.
ಮೆಗ್ಗರ್ ಪೆಟ್ಟಿಗೆ ಹೆಗಲಿಗೆ, ಟೆಸ್ಟರು ಜೇಬಿಗೆ,
ಕಾರವಾರದ ಮಧ್ಯಾಹ್ನ ಕುತ್ತಿಗೆಗೆ.

"ಎಲ್ಲ ಸರಿಯೇ ಇದೆ ಮೇಡಂ, ನೀವು ಬರೆಯೋದಷ್ಟೇ ಬಾಕಿ."
ಕೋಕಮ್ ಶರಬತ್ತು ಬಂತು.
ಕುಡಿದೆ. ಕುಡಿದದ್ದಕ್ಕೆ ವರದಿಯಲ್ಲಿ ಕಾಲಂ ಇಲ್ಲ.

ಮೇನ್ ಬೋರ್ಡಿನ ಬಾಗಿಲು ತೆರೆದರೆ
ಸುಟ್ಟು ಅಂಟಿಕೊಂಡ ಹಲ್ಲಿ,
ಒಂದು ಕೈ ಕೆಂಪು ಫೇಸಿಗೆ, ಒಂದು ಕೈ ಹಳದಿಗೆ.
ಫ್ಯೂಸಿನ ಜಾಗದಲ್ಲಿ ದಪ್ಪ ತಾಮ್ರದ ತಂತಿ, ಮೂರು ಸುತ್ತು.
ಮಂಜುಗಡ್ಡೆಯ ಕಾರ್ಖಾನೆಯಲ್ಲಿ
ಕರಗಲೇಬೇಕಾದ್ದು ಇದೊಂದೇ,
ಇದನ್ನೂ ಕರಗದ ಹಾಗೆ ಮಾಡಿಟ್ಟಿದ್ದಾರೆ.

ಅರ್ಥ್ ಗುಂಡಿ ಎಲ್ಲಿ ಅಂದೆ.
ಮೂವರು ಮೂರು ದಿಕ್ಕು ತೋರಿಸಿದರು.
ಕೊನೆಗೆ ಸಿಕ್ಕಿತು, ಖಾಲಿ ಕ್ರೇಟುಗಳ ಅಡಿ,
ಬಂಗಡೆಯ ಸಿಪ್ಪೆ ಮೆತ್ತಿದ ಸಿಮೆಂಟು ಮುಚ್ಚಳ.
ಒಳಗಿನ ಪೈಪು ಮುಟ್ಟಿದರೆ ಹಪ್ಪಳ.
ಇದ್ದಿಲು, ಉಪ್ಪು ಸುರಿದು ಕಟ್ಟಿದ್ದು,
ಒಣಗಿ ಎಷ್ಟು ವರ್ಷವೋ.
ಉಪ್ಪು ತಿಂದವ ನೀರು ಕುಡಿಯಲೇಬೇಕು ಅಂತಾರೆ.
ಸಮುದ್ರ ಇಲ್ಲಿಂದ ನಲವತ್ತು ಹೆಜ್ಜೆ.
ಈ ಗುಂಡಿಗೆ ಒಂದು ಕೊಡ ನೀರು ಹಾಕಿದವರಿಲ್ಲ.

ಕರೆಂಟು ತೆಗೆಸಿ ಮೆಗ್ಗರ್ ಹಚ್ಚಿದೆ.
ಕಂಪ್ರೆಸರ್ ಮೋಟಾರು, ಬರೆದುಕೊಂಡೆ.
ಉಪ್ಪುನೀರಿನ ತೊಟ್ಟಿಯ ಪಂಪು, ಮುಳ್ಳು ಏಳಲೇ ಇಲ್ಲ, ಬರೆದುಕೊಂಡೆ.
ಮತ್ತೆ ಕರೆಂಟು ಹಾಕಿಸಿ
ಕೋಲ್ಡ್ ರೂಮಿನ ಕಬ್ಬಿಣದ ಬಾಗಿಲ ಮುಂದೆ ನಿಂತಿದ್ದೆ.

ಬುಟ್ಟಿ ಹೊತ್ತು ಬಂದಳೊಬ್ಬಳು,
ಶೇವಂತಿ, ಐಸು ಒಡೆಯುವವಳು.
ಹಿಡಿಕೆಗೆ ನೇರ ಕೈ ಹಾಕಲಿಲ್ಲ.
ಅಂಗೈ ಮಗುಚಿ
ಬೆರಳಿನ ಹಿಂಬದಿಯಿಂದ ಸವರಿದಳು,
ಜ್ವರದ ಕೂಸಿನ ಹಣೆ ನೋಡಿದ ಹಾಗೆ.
ತುಸು ಕಾದಳು. ಗೋಣಿ ಮಡಚಿ ಹಿಡಿದು ಎಳೆದಳು.

ಐಟಿಐಯ ಮೊದಲ ವಾರದ ಪಾಠ ಅದು.
ಅಂಗೈ ಇಟ್ಟರೆ ಕರೆಂಟು ಮುಷ್ಟಿ ಕಟ್ಟಿಸುತ್ತದೆ, ಬಿಡುವುದಿಲ್ಲ.
ಹಿಂಬದಿ ತಾಗಿಸಿದರೆ
ಬದುಕುವ ಆಸೆ ಕೈಗೆ ಇನ್ನೂ ಉಳಿದಿರುತ್ತದೆ.

"ಯಾರು ಕಲಿಸಿದ್ದು ನಿಂಗೆ?"
"ಬಾಗ್ಲೇ ಕಲಿಸ್ತು, ಅಕ್ಕೋರೇ."
ಕಾಗದ ಪೆನ್ನು ಹಿಡಿದವರೆಲ್ಲ ಅವಳಿಗೆ ಅಕ್ಕೋರು.
"ಮಳೆಗಾಲದಲ್ಲಿ ಕಚ್ತದೆ. ಈಗೆಂತ ಇಲ್ಲ, ಚುಮುಚುಮು ಅಷ್ಟೇ.
ಹೊಸಬ್ರು ಬಂದ್ರೆ ಮೊದಲ ದಿನ ಇದನ್ನೇ ಹೇಳ್ಕೊಡೂದು.
ಮೋಹಿನಿಗೆ ಹೇಳೂಕೆ ಮರ್ತೋಗಿತ್ತು."
ಏನಾಯಿತು ಅಂದೆ.
"ಎಂತ ಆಗ್ಲಿಲ್ಲ. ಬಿದ್ಲು.
ಎರಡು ಬೆರಳು ಮಡಚೂದಿಲ್ಲ ಈಗ. ಬರೂದು ಬಿಟ್ಲು."

ಮೀಟರು ಹಿಡಿದೆ, ಬಾಗಿಲಿಗೂ ನೆಲಕ್ಕೂ ನಡುವೆ.
ಎಪ್ಪತ್ತೆರಡು ವೋಲ್ಟ್.
ಚುಮುಚುಮುವಿನ ಸರಕಾರಿ ಹೆಸರು.

"ಬಾಗಿಲು ಬಿಡಿ ಮೇಡಂ," ಅಂದರು ಬಾಂದೇಕರ,
"ಅದು ಉಪಕರಣ ಅಲ್ವಲ್ಲ."
ನಿಜ. ನಮೂನೆಯಲ್ಲಿ ಬಾಗಿಲಿಲ್ಲ.
ಕ್ರಮ ಸಂಖ್ಯೆ, ಉಪಕರಣ, ಅಳತೆ, ತೃಪ್ತಿಕರವೇ,
ಕಟ್ಟಕಡೆಗೆ ಎರಡು ಬೆರಳಗಲದ ಕಾಲಂ: ಷರಾ.
ಅಲ್ಲಿ ಬರೆದೆ, ಅಕ್ಷರ ಕಿರಿದು ಮಾಡಿ,
ಬಾಗಿಲು ಕಚ್ಚುತ್ತದೆ. ಇಲ್ಲಿ ದುಡಿಯುವ ಹನ್ನೊಂದು ಹೆಂಗಸರಿಗೆ
ಮೂರು ಮಳೆಗಾಲದಿಂದ ಗೊತ್ತು.
ಕಚೇರಿಯ ಟೈಪಿಸ್ಟ್ ಅದನ್ನು
ಸೋರಿಕೆ ಕಂಡುಬಂದಿದೆ ಎಂದು ತಿದ್ದುತ್ತಾನೆ.
ತಿದ್ದಲಿ.

ಮೇನ್ ಸ್ವಿಚ್ ಇಳಿಸಿ ಸೀಲು ಹಾಕಿದೆ.
ಕಂಪ್ರೆಸರಿನ ಗುಡುಗು ನಿಂತದ್ದೇ
ದೋಣಿಗಳ ಮಾತು, ಕಾಗೆಗಳ ಜಗಳ ಎಲ್ಲ ಒಳಗೆ ಬಂದವು.
ಐಸಿನ ದಿಮ್ಮಿಗಳು ಆಗಲೇ ಬೆವರುತ್ತಿದ್ದವು.
"ನಾಳೆ ಬರೂದಾ, ಬ್ಯಾಡ್ವಾ?" ಕೇಳಿದಳು ಶೇವಂತಿ.
ಧಣಿಯನ್ನು ಕೇಳು, ಅಂದೆ.
ಅದಕ್ಕಿಂತ ಸಣ್ಣ ಮಾತು ನನಗೆ ಹೊಳೆಯಲಿಲ್ಲ.

ಬಾಗಿಲು ಮುಚ್ಚಲು ಹೋದವಳು
ಮತ್ತೆ ಅಂಗೈ ಮಗುಚಿದಳು.
ಕರೆಂಟಿಲ್ಲ ಮಾರಾಯ್ತಿ, ಅಂದೆ.

"ಅದು ನಿಮ್ಗೆ ಗೊತ್ತು ಅಕ್ಕೋರೇ.
ಕೈಗೆ ಗೊತ್ತಿಲ್ವಲ್ಲ."