ಕೈಬಿಟ್ಟ ಅಂಕಿ

ಆನೆ ಕಂಬ ಕೆಡವಿದ್ದು ರಾತ್ರಿ ಹನ್ನೊಂದೂವರೆಗೆ.
ಹೊಟ್ಟೆ ತುಂಬಿದ್ದರೂ ಬೆನ್ನುಜ್ಜುವ ಚಟ ಅದಕ್ಕೆ.
ಹಾರಂಗಿಯ ಮರಿಮನೆಯಲ್ಲಿ
ಗುಳುಗುಳು ನಿಂತಿತು ಮೊದಲು,
ಆಮೇಲೆ ಗೊತ್ತಾಯಿತು ದೀಪ ಹೋದದ್ದು.

ಆರು ತೊಟ್ಟಿ. ಒಂದೊಂದರಲ್ಲೂ ತಟ್ಟೆ,
ತಟ್ಟೆ ತುಂಬ ಬಿಳಿಮೀನಿನ ಮೊಟ್ಟೆ,
ಕಾಗದದಲ್ಲಿ ಅದರ ಹೆಸರು ಮಹಶೀರ್,
ನೆನೆಸಿಟ್ಟ ಕಡಲೆಬೇಳೆಯ ಬಣ್ಣ,
ಇಟ್ಟು ನಲವತ್ತು ಗಂಟೆ.
ಜನರೇಟರಿಗೆ ಡೀಸೆಲ್ ಕೇಳಿ ಬರೆದ ಪತ್ರ
ಮಡಿಕೇರಿಯ ಯಾವುದೋ ಮೇಜಿನಲ್ಲಿ ಇನ್ನೂ ಈಜುತ್ತಿತ್ತು.

ದೇಚಮ್ಮ ಮೇಡಂ ಕೂಗಾಡಲಿಲ್ಲ.
ತೋಳು ಮಡಚಿ
"ಚಿಣ್ಣಪ್ಪ, ಮಗ್ಗು" ಅಂದರು.

ಎದೆಯೆತ್ತರಕ್ಕೆ ಎತ್ತು, ಸುರಿ. ಎತ್ತು, ಸುರಿ.
ಮೊಟ್ಟೆಯ ಮೇಲಲ್ಲ, ತೊಟ್ಟಿಯ ಮೂಲೆಗೆ.
ಬೀಳುವ ನೀರು ಗಾಳಿಯ ಕೈಹಿಡಿದು
ಒಳಗೆ ಕರೆದೊಯ್ಯುತ್ತದೆ ಎಂದರು.
ಇಪ್ಪತ್ತು ವರ್ಷ ಓದಿದವರ ಬಾಯಲ್ಲೂ
ಕೊನೆಗೆ ಉಳಿಯುವುದು ಇಷ್ಟೇ ಅನ್ನಿಸಿತು.
ಹೇಳಲಿಲ್ಲ.

ಕೈಲ್‌ಪೊಳ್ದ್ ಮುಗಿದು ಮೂರು ದಿನ.
ಮೊಟ್ಟೆ ಬಿಟ್ಟು ಊರಿಗೆ ಹೋಗಿರಲಿಲ್ಲ ಅವರು.
ಕೋವಿಯಿಲ್ಲದ ಮನೆ ಇದು, ಪೂಜೆ ಯಾವುದಕ್ಕೆ ಎಂದು
ಸೂಕ್ಷ್ಮದರ್ಶಕದ ಕೊರಳಿಗೆ ತೋಕ್ ಪೂ ಸಿಕ್ಕಿಸಿದ್ದೆ ನಾನೇ.
ಒಣಗಿತ್ತು.
ತೆಗೆದಿರಲಿಲ್ಲ.

ಕೆಲಸಕ್ಕೆ ಸೇರಿದ ದಿನ ಕೇಳಿದ್ದೆ:
ತೊಟ್ಟಿಯಲ್ಲಿ ಹುಟ್ಟಿದ್ದಕ್ಕೆ ಹೊಳೆ ಗೊತ್ತಿರುತ್ತಾ ಮೇಡಂ?
ಮುಂಗಾರಿನ ಸೆಳೆತ, ಕಲ್ಲಿನ ಸಂದು,
ಎಲ್ಲಿ ನಿಲ್ಲಬೇಕು, ಯಾವಾಗ ಏರಬೇಕು?
"ಗೊತ್ತಿಲ್ಲ" ಅಂದಿದ್ದರು.
ಗೊತ್ತಿಲ್ಲ ಎನ್ನಲು ಸಂಬಳ ಪಡೆಯುವವರನ್ನು
ನಾನು ಕಂಡದ್ದು ಅದೇ ಮೊದಲು.

ಒಂದು ಗಂಟೆಗೆ ಮೊಯ್ದು ಬಂದ,
ಕುಶಾಲನಗರದಲ್ಲಿ ಬಂಗುಡೆ ಇಳಿಸಿ ಮರಳುವ ದಾರಿ.
ಟಾರ್ಚಿನ ಬೆಳಕು ಕಂಡು ಕಳ್ಳರೆಂದುಕೊಂಡನಂತೆ.
ಸತ್ತ ಮೀನಿನ ವ್ಯಾಪಾರಿ
ಇನ್ನೂ ಹುಟ್ಟದ ಮೀನಿಗೆ ಎರಡು ತೊಟ್ಟಿ ವಹಿಸಿಕೊಂಡ.
ಮೇಡಂ ಅವನಿಗೆ ಸೋಪು ಕೊಟ್ಟರು,
ಮೂಸಿ ನೋಡಿ ಮತ್ತೊಮ್ಮೆ ಕೊಟ್ಟರು.

ನಡುನಡುವೆ ಎಣಿಕೆ.
ಕೆಳಗಿನ ಕನ್ನಡಿಗೆ ನನ್ನ ಟಾರ್ಚು,
ಗಡಿಯಾರ ಅವರದು, ಕಣ್ಣು ನನ್ನದು.
ಅದು ಬಡಿದಂತೆಲ್ಲ ನೀನು ಮೇಜಿಗೆ ಬೆರಳು ಬಡಿ ಅಂದರು.
ರಕ್ತ ಇನ್ನೂ ಕೆಂಪಾಗಿಲ್ಲ,
ಕಣ್ಣಿಗೆ ಕಪ್ಪು ಬಂದಿಲ್ಲ, ಬಾಯಿಲ್ಲ,
ಒಂದು ಮಡಿಕೆ ಮಾತ್ರ ಮಿಡುಕುತ್ತಿದೆ.
ಗಾಳಿ ತಗ್ಗಿದರೆ ಅದೂ ತಗ್ಗುತ್ತದೆ
ಇದ್ದುದರಲ್ಲೇ ತಿಂಗಳು ದೂಡುವವರ ಹಾಗೆ.
ಅರ್ಧ ನಿಮಿಷಕ್ಕೆ ಮೂವತ್ತೊಂದು.
ಮಗ್ಗು.
ಮೂವತ್ತೆಂಟು.
ಮಗ್ಗು, ಮಗ್ಗು, ಮೊಯ್ದು, ನಿಲ್ಲಿಸಬೇಡ.
ನಲವತ್ತೇಳು.
ನೋಟ್‌ಬುಕ್ಕಿನ ಎದುರಿನ ಖಾನೆಯಲ್ಲಿ ಬರೆದರು:
ಗಾಳಿ ಕೊಟ್ಟ ವಿಧಾನ, ಕೈ.

ನಾಲ್ಕಕ್ಕೆ ಐದನೆಯ ತೊಟ್ಟಿ ಬೆಳ್ಳಗಾಯಿತು.
ಸತ್ತ ಮೊಟ್ಟೆ ಬಿಳುಪೇರುತ್ತದೆ, ಬೇಯಿಸಿದಂತೆ.
ಅದು ನನ್ನ ತೊಟ್ಟಿ.
ಗೋಡೆಗೊರಗಿದ್ದೆ, ಎಷ್ಟು ಹೊತ್ತೋ.
ಮೇಡಂ ಏನೂ ಅನ್ನಲಿಲ್ಲ.
ಪಿಪೆಟ್ಟು ಹಿಡಿದು ಒಂದೊಂದಾಗಿ ಹೆಕ್ಕಿ ಎಣಿಸಿದರು,
ಒಂಬೈನೂರ ಹದಿನಾರು.
ಅಂದಾಜು ಬರೆಯಬಹುದಿತ್ತು.

ಮಾರನೆಯ ವರ್ಷ ಪ್ರಬಂಧ ಅಚ್ಚಾಯಿತು.
ಆ ರಾತ್ರಿಯ ಸಾಲು ಅದರಲ್ಲಿಲ್ಲ.
"ಕೈಯ ಎತ್ತರ ಒಂದೇ ಸಮ ಇರಲ್ಲವಲ್ಲ ಚಿಣ್ಣಪ್ಪ,
ಕೈಬಿಡಬೇಕಾಯ್ತು."
ಸರಿಯೇ. ಮೊಯ್ದು ಉದ್ದ, ನಾನು ಗಿಡ್ಡ,
ನಿದ್ದೆಯ ಲೆಕ್ಕ ಯಾವ ಖಾನೆಗೆ?

ಉಳಿದ ಐದು ತೊಟ್ಟಿಯ ಮರಿ
ಬೆರಳುದ್ದವಾದ ಮೇಲೆ ಹೊಳೆಗೆ ಬಿಟ್ಟೆವು.
ಬಕೆಟ್ಟು ಬಾಗಿಸಿದಾಗ ಒಂದು ಕ್ಷಣ ನಿಂತವು,
ಆಮೇಲೆ ತಲೆ ತಿರುಗಿಸಿದವು ನೀರು ಬರುವ ಕಡೆಗೆ.
ಮೇಡಂ ಬರೆದುಕೊಳ್ಳಲಿಲ್ಲ. ನೋಡುತ್ತಿದ್ದರು.

ಈಗಲೂ ಸೊಸೈಟಿಯಲ್ಲಿ ಸರದಿ ಕಾಯುವಾಗ
ಬೆರಳು ತಾನಾಗಿ ಮೇಜಿಗೆ ಬಡಿಯುತ್ತದೆ,
ಅರ್ಧ ನಿಮಿಷಕ್ಕೆ ನಲವತ್ತೇಳು.
ಗುಮಾಸ್ತ ತಲೆಯೆತ್ತುತ್ತಾನೆ,
ಏನು ಅಷ್ಟು ಅವಸರ ಎಂದು.