ನಾಕು ಬೆರಳಿನ ಗಾಳಿ

ಕ್ಯಾಂಪಿನ ಈ ಹಳೇ ಕಿಟಕಿಗಳು ಬಾಗಿಲದಂಗ ತೆರೆಯೂದಿಲ್ಲ,
ಮ್ಯಾಲ ಸರೀತಾವ.
ಚೌಕಟ್ಟಿನ ಹೊಟ್ಟಿಯೊಳಗ ಎರಡೂ ಕಡೆ
ಕಬ್ಬಿಣದ ಗುಂಡು, ನೂಲಿನ ಹಗ್ಗ, ಹಿತ್ತಾಳಿ ಗಾಲಿ.
ಕಾಚು ಏರಿದರ ಗುಂಡು ಇಳೀತೈತಿ,
ಕಾಚು ಇಳಿದರ ಗುಂಡು ಏರತೈತಿ.
ತೂಕ ಅಂದರ ಏನಂತ ಅಪ್ಪ ನನಗ ಕಲಿಸಿದ್ದು
ಇಂಥಾದೊಂದು ಹಗ್ಗ ಕೈಯಾಗ ಕೊಟ್ಟು.

ಇಂದುಮತಿಬಾಯಿ ಮುತಗೇಕರ ಕರದಿದ್ರು.
"ದಸ್ತಗೀರ, ಒಳಗ ಇನ್ನೊಂದು ಕಾಚು ಕೂಡಿಸು.
ಹಳೇದು ಹಂಗ ಇರಲಿ, ಮುಟ್ಟಬ್ಯಾಡ."
ನಾನ್ಯಾಕ ಮುಟ್ಟಲಿ?
ಹಳೇ ಕಾಚಿನ್ಯಾಗ ಗುಳ್ಳಿ ಇರತಾವ, ಅಲಿ ಇರತಾವ;
ಅದರೊಳಗಿಂದ ನೋಡಿ ತೆಲಿ ಅಲುಗಿಸಿದರ
ಎದುರಿನ ಬೇವಿನ ಗಿಡ ಕುಣೀತೈತಿ.
ಹೊಸ ಕಾಚಿಗೆ ಆ ಚಾಳಿ ಇಲ್ಲ.

ಅಳತಿ ತಗೊಂಡೆ. ಮ್ಯಾಲ, ನಡು, ಕೆಳಗ,
ಮೂರೂ ಬ್ಯಾರೆ.
ಮೂಲಿಯಿಂದ ಮೂಲಿಗೆ ಟೇಪು ಹಿಡಿದರ
ಒಂದು ಇನ್ನೊಂದಕ್ಕಿಂತ ಅರ್ಧ ಇಂಚು ಉದ್ದ.
ನೂರು ಆಷಾಢದ ಗಾಳಿಗೆ ಮೈ ಕೊಟ್ಟ ಮನಿ
ಸೆಟೆದು ನಿಲ್ಲಬೇಕು ಅಂದರ ಹ್ಯಾಂಗ?
ಭರಮಾ ನಕ್ಕ: "ಕಾಕಾ, ಮನಿಗೆ ಸೊಂಟ ಹಿಡದೈತಿ."

ಎಲ್ಲಾರೂ ಕೇಳೂದು ಒಂದ:
ಖಾನಾಪುರ ರಸ್ತಾದ ಬಸ್ಸು ಒಳಗ ಬರಬಾರದು,
ನಸಿಕಿನ್ಯಾಗ ಪಲ್ಟನಿನ ಬಿಗಲು ಬರಬಾರದು,
ಥಂಡಿ ಬರಬಾರದು.
ನಾ ಅದನ್ನ ಹೇಳಾಕ ಹೋದೆ. ಅವರು ಕೈ ಅಡ್ಡ ಹಿಡದ್ರು.
"ಬರೂದು ಬರಲಿ. ಹೋಗೂದು ಹೋಗಬಾರದು."

ಕಪಾಟಿನಿಂದ ಪೆಟ್ಟಿಗಿ ಇಳಿಸಿದ್ರು:
ಶಹಾಪುರದ ಬ್ಯಾಂಡ್ ಕಂಪನಿ ಮುಚ್ಚಿದಾಗ ಕೊಂಡ
ಕ್ಲಾರಿನೆಟ್. ಒಂದು ಕೀಲಿಗೆ ರಬ್ಬರ್ ಬ್ಯಾಂಡು ಸುತ್ತಿತ್ತು.
"ಕೋರ್ಟಿನ್ಯಾಗ ಮೂವತ್ತನಾಕು ವರ್ಷ ಸ್ಟೆನೊ ನಾನು.
ಕೊಂದವರ ಮಾತು, ಹೊಲದ ಬದುವಿಗೆ ಬಡದಾಡಿದವರ ಮಾತು,
ಒಂದಕ್ಷರ ತಪ್ಪದಂಗ ಬರಕೊಂಡೀನಿ.
ಈಗ ನಾ ತಪ್ಪಬೇಕಾಗೇತಿ. ದಿನಾ. ಮನಸಾರೆ.
ಅದನ್ನ ಯಾರೂ ಬರಕೋಬಾರದು."

ನಾನೇನು ಹೇಳಲಿ? ಗಾಳಿ ಬಗ್ಗೆ ಹೇಳಿದೆ.
ಸಪ್ಪಳ ತಡಿಯೂದು ಬರೇ ಕಾಚಲ್ಲರಿ,
ಎರಡು ಕಾಚಿನ ನಡುವ ಬಿಟ್ಟ ನಾಕು ಬೆರಳಿನ ಗಾಳಿ.
ಒತ್ತಿ ಕೂಡಿಸಿದರ ಎರಡೂ ಕೂಡೆ ನಡುಗತಾವ,
ಸರಿಸಿ ಕೂಡಿಸಿದರ
ಒಂದು ಅಂದದ್ದು ಇನ್ನೊಂದಕ್ಕ ಪೂರಾ ಮುಟ್ಟೂದಿಲ್ಲ.
ಒಳಗಿಂದು ಬಿಗಿ ಇರಬೇಕು, ಹೊರಗಿಂದು ಒಂಚೂರು ಸಡಿಲು,
ಇಲ್ಲಂದರ ನಡುವಿನ ಗಾಳಿ ಬೆವರತೈತಿ.
ಇದನ್ನ ಹೇಳುವಾಗ ನನ್ನ ಹೇಣ್ತಿ ನೆನಪಾದಳು,
ಯಾಕಂತ ಗೊತ್ತಿಲ್ಲ.
ರಬ್ಬರ್ ಪಟ್ಟಿ ಕತ್ತರಿಸಾಕ ಕುಂತೆ.

ಸಂಜೀಕ ಮುಗೀತು.
"ಹೊರಗ ಹೋಗಿ ನಿಲ್ಲು, ಊದತೀನಿ."
ಬೇವಿನ ಬುಡಕ್ಕ ನಿಂತೆ.
ಎರಡು ಕಾಚಿನ ಆಚೆ ಗಲ್ಲ ಉಬ್ಬಿದವು, ಬೆರಳು ಓಡಿದವು,
ಹುಬ್ಬು ಗಂಟಾತು. ಸಪ್ಪಳಿಲ್ಲ.
ಹೌದಿನ್ಯಾಗ ಮೀನು ಮಾತಾಡಿದಂಗ.
ಆಮ್ಯಾಲ ಒಂದ ಒಂದು ಸ್ವರ
ಹಳೇ ಚೌಕಟ್ಟಿನ ಸೀಳು ಹೊಕ್ಕು,
ಗುಂಡು ಜೋತಾಡುವ ಕತ್ತಲಿ ದಾಟಿ,
ಗಾಲಿಯ ತೂತಿನಿಂದ ಹೊರಗ ಬಿತ್ತು,
ಈಗಷ್ಟ ಹುಟ್ಟಿದ ಕರು ಒದರಿದಂಗ.
ಹಾಲಿನ ಕ್ಯಾನಿನವಾ ಸೈಕಲ್ ನಿಲ್ಲಿಸಿ
ತಿರುಗಿ ನೋಡಿದ.

ಸುಳ್ಳು ಹೇಳಬಹುದಿತ್ತು. ಬಿಲ್ಲು ಕಿಸೆದಾಗಿತ್ತು.
"ಒಂದು ಬಂತ್ರಿ," ಅಂದೆ.
"ಸರಿಯಾದದ್ದೋ, ತಪ್ಪಿದ್ದೋ?"
"ಅದು ನನಗ ತಿಳೀಲಿಲ್ಲ. ಹಾಲಿನವಾ ನಿಂತ."

ಬಾಳೊತ್ತು ಸುಮ್ಮನಿದ್ರು.
ಸೀಳಿಗೆ ಹತ್ತಿ ತುರುಕಾಕ
ಭರಮಾ ಆಗಲೇ ಏಣಿ ಹತ್ತಿದ್ದ.
"ಇಳಿ," ಅಂದ್ರು ಅವಗ. "ನಾಳೆ ನೋಡೂಣು."

ಆ ನಾಳೆ ಇನ್ನೂ ಬಂದಿಲ್ಲ.
ಹತ್ತಿ ನನ್ನ ಚೀಲದಾಗ ಐತಿ,
ಬಿಲ್ಲಿನ್ಯಾಗ ಹಿಡಿದಿಲ್ಲ.